ಮೂರನೇ ಮೆಟ್ಟಿಲಿಗೆ ಎಂಟು ಸ್ಕ್ರೂ

ಆ ಶನಿವಾರ ಸಂಜೆ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: ನನ್ನ ಹೆಂಡತಿ ಇನ್ನು ಮೇಲೆ ನಮ್ಮ ದೋಣಿಯ ಇಂಜಿನ್ ಕೋಣೆಯಲ್ಲಿ ಜಾರಿ ಬೀಳಕೂಡದು!

ದೋಣಿಯೆಂದರೆ ನಲವತ್ತು ಜನರನ್ನು ಆಚೆ ದಡಕ್ಕೆ ಸಾಗಿಸುವ ಮೋಟಾರು ದೋಣಿ. ಮಾವನವರದು. ಅವರು ಹೋದ ಮೇಲೆ ಚುಕ್ಕಾಣಿ ಚಕ್ರವೂ ಬಿಳಿ ಟೋಪಿಯೂ ನನ್ನ ಪಾಲಿಗೆ ಬಂದವು, ಇಂಜಿನ್ ಕೋಣೆ ಅವರ ಮಗಳ ಪಾಲಿಗೆ. ಹನ್ನೊಂದು ವರ್ಷಗಳಿಂದ ಅವಳು ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಕೆಳಗಿಳಿಯುತ್ತಾಳೆ. ಕಸ ಗುಡಿಸಲು ಎಂದು ನಾನು ತಿಳಿದಿದ್ದೆ. ಆಮೇಲೆ ನಾನು ಕೀಲಿ ತಿರುಗಿಸುತ್ತೇನೆ, ಇಂಜಿನ್ ಗುಡುಗುತ್ತದೆ. ಎಲ್ಲ ನನ್ನ ಕೈಗುಣ!

ಅದರ ಹಿಂದಿನ ವಾರ ಎಣ್ಣೆ ಕುಡಿದ ಮರದ ಮೆಟ್ಟಿಲ ಮೇಲೆ ಜಾರಿ, ಅವಳ ಮಂಡಿ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಭಾನುವಾರ ದೋಣಿಗೆ ರಜೆ. ಅವಳು ಅಕ್ಕನ ಮನೆಗೆ ಹೋದದ್ದೇ ತಡ, ಉಬ್ಬುಗೆರೆಯ ಅಲ್ಯೂಮಿನಿಯಂ ತಗಡು ತಂದು ನಾಲ್ಕೂ ಮೆಟ್ಟಿಲಿಗೆ ಹೊದಿಸಿದೆ. ಮೂರನೆಯದು ಲೊಡಲೊಡ ಅಲುಗುತ್ತಿತ್ತು. "ಮುಗೀತು ನಿನ್ನ ಹಾರಾಟ!" ಎಂದು ಅಂಟು ಬಳಿದು ಎಂಟು ಸ್ಕ್ರೂ ಬಿಗಿದೆ. ನಾಲ್ಕನೆಯದು ಇನ್ನೂ ಕುಣಿಯುತ್ತಿತ್ತು. ಅದಕ್ಕೆ ಹನ್ನೆರಡು!

ಸೋಮವಾರ ಬೆಳಗ್ಗೆ ದಡದಲ್ಲಿ ಹದಿನೆಂಟು ನರ್ಸಮ್ಮಂದಿರು ಸಾಲುಗಟ್ಟಿದ್ದರು. ಇವರು ತಲುಪಿದರೆ ಮಾತ್ರ ಆಚೆ ದಡದ ಆಸ್ಪತ್ರೆಯಲ್ಲಿ ಹಿಂದಿನ ಪಾಳಿಯವರು ಮನೆಗೆ ಹೋಗಬಹುದು. ಮಾವನ ಕಾಲದಿಂದಲೂ ಆ ಟ್ರಿಪ್ಪು ತಪ್ಪಿದ್ದಿಲ್ಲ.

ಹೆಂಡತಿ ಬಂದವಳೇ ಮೆಟ್ಟಿಲು ಸವರಿ ನೋಡಿದಳು. "ನನ್ನ ಮಂಡಿಗೋಸ್ಕರ ಇಷ್ಟೆಲ್ಲ ಮಾಡಿದ್ರಾ?"

"ಇನ್ಯಾರಿಗೋಸ್ಕರ ಕಣೇ!" ನನ್ನೆದೆ ಎರಡು ಇಂಚು ಉಬ್ಬಿತು.

ಎರಡೇ ನಿಮಿಷ. ಕೆಳಗಿನಿಂದ ಕೂಗು: "ಏನ್ರೀ, ಮೂರನೇ ಮೆಟ್ಟಿಲು ಮೇಲೇಳ್ತಾ ಇಲ್ಲ!"

"ಏಳಬಾರದು ಅಂತಾನೇ ಎಂಟು ಸ್ಕ್ರೂ ಹಾಕಿರೋದು!"

"ಅಯ್ಯೋ, ಅದು ಮುಚ್ಚಳ ರೀ! ಇಂಜಿನ್ ತಂಪು ಮಾಡೋ ನೀರಿನ ವಾಲ್ವು ಅದರ ಕೆಳಗಿದೆ. ಸಂಜೆ ಮುಚ್ತೀನಿ, ಬೆಳಗ್ಗೆ ತೆಗೀತೀನಿ."

"ದಿನಾನಾ?"

"ಇಲ್ಲ, ನೀವು ಟೋಪಿ ಹಾಕ್ಕೊಂಡ ತಕ್ಷಣ ಅದೇ ತೆರೆದುಕೊಳ್ತಿತ್ತು!"

"ಒಂದೇ ಒಂದು ಟ್ರಿಪ್ಪು ಹಾಗೇ..."

"ನಡುನೀರಲ್ಲಿ ಇಂಜಿನ್ ಸುಟ್ಟು ಕೂತ್ರೆ, ಟೋಪಿಯಿಂದ ಹುಟ್ಟು ಹಾಕ್ತೀರಾ?"

ಇಳಿದೆ. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ದೋಣಿ ಹೊರಡುವ ಮುನ್ನ ಇಳಿದೆ! ಬಿಗಿಯುವಾಗ ತೋರಿದ ಪರಾಕ್ರಮಕ್ಕೆ ಸ್ಕ್ರೂಗಳ ತಲೆಯೇ ಸವೆದಿತ್ತು. ಅಂಟಿನ ಡಬ್ಬಿಯ ಮೇಲೆ "ಭೂಕಂಪಕ್ಕೂ ಜಗ್ಗದು" ಎಂದು ಬರೆದಿತ್ತು. ಬರೆದವನು ಸತ್ಯವಂತ.

"ಕ್ಯಾಪ್ಟನ್ರೇ, ಆಪರೇಷನ್ ಇನ್ನೂ ಎಷ್ಟೊತ್ತು?" ಮೇಲಿನಿಂದ ಹಿರಿಯ ನರ್ಸಮ್ಮ ಇಣುಕಿದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು, "ಮೆಟ್ಟಿಲು ರಿಪೇರಿ ಅಮ್ಮಾ, ಹತ್ತೇ ನಿಮಿಷ."

ಹಾರೆ ಹಾಕಿ ಇಬ್ಬರೂ ಮೀಟಿದೆವು. ತಗಡು ಹಪ್ಪಳದಂತೆ ಸುರುಳಿಯಾಗಿ, ಮುಚ್ಚಳ ಫಟಾರನೆ ಹಾರಿತು. ಒಳಗಿತ್ತು ವಾಲ್ವು. ಅದರ ಹಿಡಿಕೆ ದಿನವೂ ಕೈ ತಾಗಿ ತಾಗಿ ಕನ್ನಡಿಯಂತೆ ಹೊಳೆಯುತ್ತಿತ್ತು. ನನ್ನ ಕೈಗುಣ ಯಾರ ಕೈಯದೆಂದು ಆಗ ತಿಳಿಯಿತು.

ಇಪ್ಪತ್ತು ನಿಮಿಷ ತಡವಾಗಿ ಹೊರಟೆವು. ಸಂಜೆ ಕೊನೆಯ ಟ್ರಿಪ್ಪು ಮುಗಿಸಿ, ಮೆತ್ತಗೆ ಹೇಳಿದೆ, "ಆ ಮುಚ್ಚಳಕ್ಕೆ ನಾಳೆ ಹೊಸ ತಗಡು ಹಾಕಿ, ಎತ್ತೋ ಹಾಗೆ ಹಿಡಿ ಕೂರಿಸ್ತೀನಿ ಕಣೇ."

"ಎರಡು ಹಿಡಿ ತನ್ನಿ. ನಾಲ್ಕನೆಯದಕ್ಕೂ ಬೇಕು."

"ನಾಲ್ಕನೆಯದಕ್ಕೆ ಯಾಕೆ?"

"ದೋಣಿ ತಳದಲ್ಲಿ ಎಷ್ಟು ನೀರು ಸೇರಿದೆ ಅಂತ ಸಂಜೆ ಅದನ್ನ ಎತ್ತಿ ತಾನೇ ನೋಡೋದು? ಅಂದ ಹಾಗೆ, ಅದಕ್ಕೆಷ್ಟು ಸ್ಕ್ರೂ ಹಾಕಿದ್ದೀರಿ?"

ಟೋಪಿ ತೆಗೆದು ಅವಳ ಕೈಗಿತ್ತು, ಹಾರೆ ಹಿಡಿದು ಇಳಿದೆ.