ಆಕಾಶ ಕಾಣುವ ಕಾರು

ಮನುಷ್ಯನ ಬುದ್ಧಿ ಅವನ ಕಸುಬು ಬಿಟ್ಟು ಆಚೆ ಬರುವುದಿಲ್ಲವೆಂದು ಕಾಣುತ್ತದೆ. ನನ್ನದಂತೂ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಗೇಟಿನಲ್ಲೇ ನಿಂತುಬಿಡುತ್ತದೆ. ಚನ್ನಪಟ್ಟಣದಲ್ಲಿ ನಮ್ಮದೊಂದು ರೇಷ್ಮೆ ನೂಲು ತೆಗೆಯುವ ಘಟಕವಿದೆ. ಬೆಳಗಿನ ಹರಾಜಿಗೆ ಹೊತ್ತಿಗೆ ಸರಿಯಾಗಿ ಹೋಗಿ ಗೂಡು ಹಿಡಿಯುವುದು ನನ್ನ ಕೆಲಸ. ಹಿಡಿದದ್ದನ್ನು ನೋಡಿ ಮುಖ ಸಿಂಡರಿಸುವುದು ನನ್ನ ಹೆಂಡತಿ ಜಯಮ್ಮನ ಕೆಲಸ. ಗೂಡು ಬರದಿದ್ದರೆ, ಅದನ್ನು ಬೇಯಿಸಿ ಎಳೆ ತೆಗೆಯಲು ನೀರು ಕಾಯಿಸಿಕೊಂಡು ಕೂತ ಆಳುಗಳಿಗೆ ಅಂದು ಕೆಲಸವಿಲ್ಲ. ಇಷ್ಟೆಲ್ಲ ನಮ್ಮ ಹಳೆಯ ಕಾರಿನ ಮರ್ಜಿಯ ಮೇಲೆ ನಿಂತಿತ್ತು. ಅದು ವಾರಕ್ಕೆರಡು ಸಲ ಹೆದ್ದಾರಿಯಲ್ಲಿ ಮುನಿಸಿಕೊಳ್ಳತೊಡಗಿದ ಮೇಲೆ ಹೊಸದು ಕೊಳ್ಳಲೇಬೇಕಾಯಿತು.

ಎರಡು ಕಾರು ಕಣ್ಣಿಗೆ ಬಿದ್ದವು. ಒಂದು ಸಾದಾ. ಅದರ ಬಗ್ಗೆ ನಮ್ಮ ಮೆಕ್ಯಾನಿಕ್ ಸಿದ್ದಣ್ಣ, "ಇದನ್ನ ತಗಂಡ್ರೆ ನನ್ನ ಮೊಕಾನೇ ಮರ್ತೋಯ್ತೀಯ ಕಣಣ್ಣ" ಎಂದಿದ್ದ. ಇನ್ನೊಂದಕ್ಕೆ ನೆತ್ತಿಯ ಮೇಲೆ ಗಾಜಿನ ಕಿಟಕಿ, ಮುಂದೆ ಟಿ.ವಿ.ಯಷ್ಟು ಪರದೆ, ಕೂತರೆ ಬೆನ್ನಿಗೆ ತಂಗಾಳಿ. ಆದರೆ ಹೊಸ ಮಾಡೆಲ್; ವರ್ಷ ಓಡಿಸಿ ನೋಡಿದವರು ಯಾರೂ ಇರಲಿಲ್ಲ. ಬುದ್ಧಿ ಸಾದಾ ಎನ್ನುತ್ತಿತ್ತು, ಜೀವ ಕಿಟಕಿ ಎನ್ನುತ್ತಿತ್ತು. ಹದಿನೈದು ದಿನ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮುದ್ದೆ ಮುರಿಯುವಾಗಲೂ ತಲೆಯೆತ್ತಿ ಹೆಂಚು ನೋಡುತ್ತಿದ್ದೆ. "ಏನ್ರೀ, ಮೇಲೆ ಹಲ್ಲಿ ಐತಾ?" ಎಂದಳು ಜಯಮ್ಮ.

ಕಡೆಗೆ ಅವಳನ್ನೇ ಷೋರೂಮಿಗೆ ಕರೆದೊಯ್ದೆ. ಅಲ್ಲಿನ ಹೆಣ್ಣುಮಗಳು ಗುಂಡಿ ಒತ್ತಿದಳು, ಗಾಜು ಸರಿಯಿತು. ನಾನು ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತ ಕೂತೆ. ಜಯಮ್ಮ ಅತ್ತ ನೋಡಲೇ ಇಲ್ಲ. ಹಿಂದೆ ಹೋಗಿ ಡಿಕ್ಕಿ ತೆಗೆಸಿದಳು. ಮಾರುಕಟ್ಟೆಯಲ್ಲಿ ನಾವು ರಾಶಿಗೆ ಮೊಣಕೈವರೆಗೆ ಕೈಹಾಕಿ ತಳದ ಗೂಡು ಎತ್ತಿ ನೋಡುತ್ತೇವಲ್ಲ, ಹಾಗೆ ಹಾಸಿನಡಿಗೆ ಕೈ ಇಳಿಸಿದಳು.

"ಸ್ಟೆಪ್ನಿ ಎಲ್ಲವ್ವಾ?"

"ಇದರಲ್ಲಿ ಬರಲ್ಲ ಮೇಡಂ, ಪಂಕ್ಚರ್ ಕಿಟ್ ಕೊಡ್ತೀವಿ."

ಜಯಮ್ಮ ನನ್ನ ಕಡೆ ತಿರುಗಿದಳು. "ನೆತ್ತಿ ಮೇಲೆ ಕಿಟಕಿ ಮಡಗವ್ರೆ, ತಳದಲ್ಲಿ ಚಕ್ರಾನೇ ಇಲ್ಲ. ದಿನಾ ಬೆಳಗಾದ್ರೆ ರೈತರ ಗೂಡಿನ ಲಾಟಿಗೆ ಕೈ ಹಾಕೋರು, ಇಲ್ಲಿ ಯಾಕ್ರೀ ಕೈ ಕಟ್ಕಂಡ್ ಕುಂತಿದ್ದೀರಾ?" ನನಗೆ ನಿಜಕ್ಕೂ ನಾಚಿಕೆಯಾಯಿತು. ಮೇಲೆ ಬಿಳಿ ಗೂಡು ಹರಡಿ ಅಡಿಯಲ್ಲಿ ಕಳಪೆ ತುಂಬಿದ ಎಷ್ಟು ಲಾಟುಗಳನ್ನು ನಾನು ಬೇಡವೆಂದು ತಳ್ಳಿಲ್ಲ!

ಸಾದಾ ಕಾರೇ ಬಂತು. ಒಂದು ದಿನವೂ ಕೈಕೊಟ್ಟಿಲ್ಲ. ಹರಾಜು ಶುರುವಾಗುವ ಮೊದಲೇ ಮುಟ್ಟುತ್ತೇನೆ. ನೆಮ್ಮದಿ ಮಾತ್ರ ಬರಲಿಲ್ಲ. ಮುಂಚೆ ಕಳಪೆ ಗೂಡು ಹಿಡಿದ ದಿನ, "ಗಾಡಿ ಕೆಟ್ಟೋಯ್ತು ಕಣೇ, ಹೋಗೋ ಹೊತ್ತಿಗೆ ಒಳ್ಳೇವೆಲ್ಲ ಖಾಲಿ" ಎಂದು ಪಾರಾಗುತ್ತಿದ್ದೆ. ಮೊನ್ನೆ ತಂದ ಗೂಡಿನ ಎಳೆ ಬಿಸಿನೀರಿನಲ್ಲಿ ತುಂಡುತುಂಡಾಗಿ ಬರುತ್ತಿತ್ತು. ಜಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಕಾರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಪಾಪ, ಗಾಡಿದೇನೂ ತಪ್ಪಿಲ್ಲ ಬುಡಿ" ಎಂದಳು.