ಹೊಗೆಕೊಳವೆಗೆ ತಕ್ಕ ಬ್ರಷ್ಷು

ಭಾನುವಾರ ಬೆಳಿಗ್ಗೆ ಹೊಗೆಕೊಳವೆಯಿಂದ ಮಸಿಯ ಹೆಂಟೆಯೊಂದು ಸಾರಿನ ಪಾತ್ರೆಗೆ ಬಿದ್ದದ್ದೇ ಕಿಟ್ಟಣ್ಣನ ಗ್ರಹಚಾರಕ್ಕೆ ನಾಂದಿಯಾಯಿತು. ಸೌದೆ ಒಲೆಯ ಹೊಗೆ ಮೇಲೆ ಹೋಗಲು ದಾರಿಯಿಲ್ಲದೆ ಅಡುಗೆಮನೆಯೆಲ್ಲ ತುಂಬಿ, ಮೆಟ್ಟಿಲೇರಿ, ಮಹಡಿಯಲ್ಲಿದ್ದ ಮನೆಯೊಡತಿ ಸುಶೀಲಾಬಾಯಿಯ ದೇವರಮನೆಗೆ ನುಗ್ಗಿತು.

ಭಾಲ್ಕಿಯಿಂದ ಬಂದು ನಾಸಿಕದಲ್ಲೇ ಮುದುಕಿಯಾದ ಆಕೆ ಪೂಜೆಯನ್ನು ಅರ್ಧಕ್ಕೆ ಬಿಟ್ಟು, ಕೆಮ್ಮುತ್ತ ಇಳಿದು ಬಂದರು. "ಕಿಟ್ಟಣ್ಣಾರ, ನನ್ನ ಮಹಾದೇವಗ ದಿನಾ ಇದೇ ಧೂಪ ಏನ್ರಿ? ಸಂಜೀ ಒಳಗ ಹೊಗಿ ಬಂದ್ ಆಗಬೇಕು. ಇಲ್ಲಂದ್ರ ಬ್ಯಾರೆ ಖೋಲಿ ನೋಡ್ಕೋರಿ!"

ಮನೆಯೊಳಗೇ ನಲ್ಲಿ, ಕನ್ನಡ ಬಲ್ಲ ಒಡತಿ! ನಾಸಿಕದಲ್ಲಿ ಅಂಥ ಮನೆ ಇನ್ನೊಂದು ಸಿಕ್ಕುವುದುಂಟೆ? ತುಂಬು ಬಸುರಿ ಹೆಂಡತಿ ತುಳಸಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ಮನೆ ಹೋದ್ರೆ ನಾನು ಸೀದಾ ತುಮಕೂರಿಗೆ, ತವರಿಗೆ. ಬೇರೆ ಮನೆ ಸಿಕ್ಕಿದ್ಮೇಲೆ ಬಂದು ಕರ್ಕೊಂಡ್ಹೋಗಿ" ಎಂದಳು. ಅವಳಿಲ್ಲದ ಮನೆಯನ್ನು ನೆನೆದೇ ಕಿಟ್ಟಣ್ಣ ಚಪ್ಪಲಿ ಮೆಟ್ಟಿ ಪೇಟೆಗೆ ಓಡಿದ.

ಅವನು ಓಝರಿನ ವಿಮಾನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದವನು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ರಿವೆಟ್ಟನ್ನು ಪಕ್ಕಕ್ಕೆಸೆಯುವ ಮನುಷ್ಯ. ಅಂಥವನು ರವಿವಾರ ಕಾರಂಜಾ ಎಂಬ ಪೇಟೆಯ ಅಂಗಡಿಯಲ್ಲಿ ಚಿಮಣಿಯ ಬ್ರಷ್ ಕೇಳಿ ತಬ್ಬಿಬ್ಬಾಗಿ ನಿಂತ.

"ಗೋಲ್ ಕೀ ಚೌಕೋನಿ?" ಎಂದ ಅಂಗಡಿಯವ. ದುಂಡಗಿನದೋ, ಚೌಕದ್ದೋ? ಕಿಟ್ಟಣ್ಣ ನೋಡಿರಲಿಲ್ಲ. ಮನೆಗೆ ಓಡಿ, ನೋಡಿ, ಅಳೆದು ಬಂದ. "ಒಳಗಿನ ಅಳತೆಯೋ, ಹೊರಗಿನದೋ?" ಎಂದು ಇನ್ನೊಂದು ಪ್ರಶ್ನೆ ಬಂತು. ಮತ್ತೆ ಓಡಿದ.

ಈ ಸಲ ಪಕ್ಕದ ಮನೆಯ ವೈಜನಾಥ ಕರೆಯದೆಯೇ ಜೊತೆಗೆ ಬಂದ. ಬೀದರಿನವನು, ಬಟ್ಟೆ ಅಂಗಡಿಯಲ್ಲಿ ಗುಮಾಸ್ತ, ಉಳಿದ ಹೊತ್ತಿನಲ್ಲಿ ಎಲ್ಲರಿಗೂ ಸಲಹೆಗಾರ.

"ತಂತೀದೇ ತಗೋರಿ. ಒಮ್ಮಿ ಎಳದ್ರ ಮಸಿ ಏನು, ಅದರ ಅಜ್ಜ ಮುತ್ತ್ಯಾನೂ ಹೊರಗ ಬರ್ತಾನ!"

ಅಂಗಡಿಯವ ಅಡ್ಡಡ್ಡ ತಲೆಯಾಡಿಸಿದ. ತಗಡಿನ ಕೊಳವೆಗೆ ತಂತಿ ಬ್ರಷ್ ಹಾಕಿದರೆ ತೂತು ಬೀಳುತ್ತದೆ, ನಾರಿನದೇ ಆಗಬೇಕು. ಇಟ್ಟಿಗೆಯದಾದರೆ ನಾರು ಸಾಲದು, ತಂತಿಯೇ ಬೇಕು. ನಿಮ್ಮದು ಯಾವುದು?

"ಕೆಳಗೆ ತಗಡು, ಮೇಲೆ ಇಟ್ಟಿಗೆ" ಎಂದ ಕಿಟ್ಟಣ್ಣ ಅಳುಮೋರೆ ಮಾಡಿಕೊಂಡು.

ಕೆಳಗಿನಿಂದ ಬೆತ್ತದಲ್ಲಿ ತಳ್ಳುವುದೋ, ಮೇಲಿನಿಂದ ಹಗ್ಗದಲ್ಲಿ ಎಳೆಯುವುದೋ ಎಂಬ ಚರ್ಚೆ ಶುರುವಾಗುವ ಮೊದಲೇ ಅವನು ಎರಡೂ ಬ್ರಷ್ಷು, ಬೆತ್ತ, ಹಗ್ಗ, ಹಗ್ಗಕ್ಕೆ ಕಟ್ಟುವ ಗುಂಡು ಎಲ್ಲವನ್ನೂ ಕೊಂಡು ಹೊತ್ತು ನಡೆದ.

ತಗಡಿನ ಭಾಗವನ್ನು ಕಳಚಿ ನಾರಿನ ಬ್ರಷ್ಷಿನಿಂದ ಉಜ್ಜಿದ್ದು ಸಲೀಸಾಗಿ ಮುಗಿಯಿತು. ಇಟ್ಟಿಗೆಯ ಭಾಗಕ್ಕೆ ವೈಜನಾಥ ಮಾಡು ಹತ್ತಿ ಹಗ್ಗ ಇಳಿಬಿಟ್ಟ. ಕಿಟ್ಟಣ್ಣ ತಂತಿ ಬ್ರಷ್ಷಿನ ತಲೆಗೆ ಹಗ್ಗ, ಬಾಲಕ್ಕೆ ಬೆತ್ತ ಕಟ್ಟಿದ. ಬ್ರಷ್ಷು ಅರ್ಧ ದಾರಿ ಏರಿ ನಿಂತುಬಿಟ್ಟಿತು.

"ಸಿಕ್ಕೊಂಡಿದೆ, ಕೆಳಕ್ಕೆ ಎಳೀತೀನಿ!" ಎಂದು ಕೂಗಿದ ಕಿಟ್ಟಣ್ಣ.

"ಸಿಕ್ಕೊಂಡದ, ಮ್ಯಾಲ ಜಗ್ತೀನಿ!" ಎಂದು ಅದೇ ಗಳಿಗೆಯಲ್ಲಿ ವೈಜನಾಥನೂ ಕೂಗಿದ.

ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಇವನು ಎಳೆದಷ್ಟೂ ಅವನು ಜಗ್ಗಿದ. ಎಂಥ ಹಳೆಯ ಮಸಿಯಪ್ಪಾ ಎಂದು ಇಬ್ಬರೂ ಬೆವರೊರೆಸಿಕೊಂಡು ಮತ್ತೆ ಎಳೆದರು. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಕೊನೆಗೆ ಮಹಡಿಯ ಕಿಟಕಿಯಿಂದ ಇಬ್ಬರ ಕೂಗನ್ನೂ ಕೇಳುತ್ತಿದ್ದ ಸುಶೀಲಾಬಾಯಿ, "ಒಬ್ಬಾಂವರ ಬಿಡ್ರೋ ಮಾರಾಯಾ!" ಎಂದು ಗದರಿದರು. ಇಬ್ಬರೂ ವಿಧೇಯರು, ಒಟ್ಟಿಗೇ ಬಿಟ್ಟರು. ಬ್ರಷ್ಷು, ಹಗ್ಗ, ಮಸಿಯ ರಾಶಿ ಎಲ್ಲವೂ ಕಿಟ್ಟಣ್ಣನ ತಲೆಯ ಮೇಲೆ ಇಳಿದವು. ಅವನ ಮುಖದಲ್ಲಿ ಹಲ್ಲೊಂದು ಬಿಟ್ಟು ಬೇರೇನೂ ಕಾಣುವಂತಿರಲಿಲ್ಲ.

ಆದರೇನು, ಕೊಳವೆ ತೆರೆದಿತ್ತು. ತಗಡನ್ನು ಮತ್ತೆ ಜೋಡಿಸಿದ್ದಾಯಿತು. ಸಂಜೆ ಸುಶೀಲಾಬಾಯಿ ತಾವೇ ಬಂದು ಒಲೆ ಹಚ್ಚಿದರು. ಹೊಗೆ ಸರಕ್ಕನೆ ಮೇಲೇರಿ ಮಾಯವಾಯಿತು. ಮುದುಕಿಯ ಮುಖ ಅರಳಿತು. ಕಿಟ್ಟಣ್ಣನಿಗೆ ಹೋದ ಜೀವ ಬಂದಂತಾಯಿತು.

"ಭಾಳ ಪುಣ್ಯದ ಕೆಲಸ ಮಾಡೀರಿ!" ಎಂದು ಆಕೆ ವೈಜನಾಥನ ಕಡೆ ತಿರುಗಿದರು. "ನಾಳಿಗೇ ಸಿನ್ನರಕ್ಕ ಹೋಗಿ ನಮ್ಮ ಮುದ್ದಣ್ಣಗ ಹೇಳಿ ಬಾ, ಹೆಂಡ್ತೀನ ಕರ್ಕೊಂಡು ಬಾ ಅಂತ."

"ಮುದ್ದಣ್ಣ ಅಂದ್ರೆ ಯಾರು?" ಎಂದ ಕಿಟ್ಟಣ್ಣ.

"ನನ್ನ ಮಗ ರೀ. ಸೊಸಿ ಈ ಒಲೀ ಮುಂದ ಕುಂತು, ಕೆಮ್ಮಿ ಕೆಮ್ಮಿ, ಅವನ ಎಳ್ಕೊಂಡು ಸಿನ್ನರಕ್ಕ ಹೋದಳು. ಅದಕ್ಕೇ ನಿಮಗ ಬಾಡಿಗಿ ಕೊಟ್ಟಿದ್ದೆ. ಇನ್ನ ಹೊಗಿ ಇಲ್ಲ, ಬರ್ತಾರ. ನೀವು ಸಾವಕಾಶ ಬ್ಯಾರೆ ಖೋಲಿ ನೋಡ್ಕೋರಿ."

ಕಿಟ್ಟಣ್ಣ ಆಕೆಗೆ ಅಡ್ಡ ಬಂದು ನಿಂತ. "ಅಲ್ರೀ, ಹೊಗೆ ನಿಲ್ಲದಿದ್ರೂ ಬಿಡಿಸ್ತಿದ್ರಿ, ನಿಂತ್ರೂ ಬಿಡಿಸ್ತೀರಾ?"

"ಅಯ್ಯ! ನಿಲ್ಲದಿದ್ರ ಯಾಕ ಬಿಡಸ್ಲಿ? ಆ ಹೊಗೀ ಮನೀಗೆ ಬ್ಯಾರೆ ಯಾರ ಬರ್ತಿದ್ರು? ದಿನಾ ಒದರ್ತಿದ್ದೆ, ನೀವು ಆರಾಮ ಇರ್ತಿದ್ರಿ."

ತುಳಸಿ ಮಂಚದ ಕೆಳಗಿನ ಟ್ರಂಕನ್ನು ಎಳೆದಳು. ಹೊಗೆಯ ಸುಳಿವೇ ಇಲ್ಲದ ಆ ಅಡುಗೆಮನೆಯಲ್ಲಿ ಕಿಟ್ಟಣ್ಣ ಕಣ್ಣೊರೆಸಿಕೊಳ್ಳುತ್ತ ನಿಂತ.