ಗಿಂಬಳ ಇರುವ ಗಂಡು

ನಮ್ಮ ಅತ್ತೆ ಮನೆಯಲ್ಲಿ ನಗು ಬರುವಂಥದ್ದು ನಡೆಯದ ವಾರವಿಲ್ಲ; ನಗುವ ಹಾಗಿಲ್ಲ, ಅಷ್ಟೇ. ಈ ಸಲ ನಾದಿನಿಗೆ ಗಂಡು ನೋಡುವಾಗ ಶುರುವಾಯಿತು. ಜಮೀನು ಅಳೆಯುವ ಸರ್ಕಾರಿ ಕೆಲಸದ ನೆಲಮಂಗಲದ ಹುಡುಗ ಅವಳಿಗೆ ಫೋಟೋದಲ್ಲೇ ಹಿಡಿಸಿಬಿಟ್ಟ. ಆದರೆ ನನ್ನ ಗಂಡನ ಅಜ್ಜಿ, "ಸಂಬಳ ಎಲ್ರಿಗೂ ಇರ್ತದೆ. ಗಿಂಬಳ ಇದ್ಯಾ ಕೇಳಿ. ಇಲ್ದಿದ್ರೆ ಬೇಡ" ಎಂದು ಪಟ್ಟು ಹಿಡಿದರು. ಅವರ ಮಾತು ಮೀರುವವರು ಮನೆಯಲ್ಲಿಲ್ಲ.

ಬಾಲ

"ಗಿಂಬಳ ಅಂದ್ರೇನಮ್ಮ?" ಎಂದಳು ನನ್ನ ಮಗಳು. ಹಳೇ ಮಾತು, ಅವಳ ವಯಸ್ಸಿನವರು ಕೇಳಿರುವುದಿಲ್ಲ. ಹತ್ತನೇ ಕ್ಲಾಸು ಓದಿದ ನನಗೆ ತಿಳಿದಷ್ಟು ಹೇಳಿದೆ: "ಊಟ ಗೀಟ, ಸೀರೆ ಗೀರೆ ಅಂತೀವಲ್ಲ, ಹಂಗೆ ಸಂಬಳ ಗಿಂಬಳ. ಮೊದಲು ಬರೀ ಬಾಲ. ಆಮೇಲೆ ಮೇಜಿನ ಕೆಳಗಿಂದ ಬರೋ ದುಡ್ಡಿಗೆ ಅದೇ ಹೆಸರಾಯ್ತು."

"ಅಪ್ಪಂಗೆ ಬರಲ್ವಾ?"

ಪವರ್‌ಲೂಮಿನ ಮುಂದೆ ಎಳೆ ಗಂಟು ಹಾಕುತ್ತಿದ್ದ ನನ್ನವರು ತಲೆ ಎತ್ತದೆ ಅಂದರು: "ಬಾಲ ಬರೋಕೆ ಮೊದಲು ಎಮ್ಮೆ ಇರ್ಬೇಕು ಮಗಾ."

ಎದುರುಮನೆ

ಎದುರುಮನೆಗೆ ಮೂರನೇ ಅಂತಸ್ತು ಎದ್ದಾಗಿನಿಂದ ಅಜ್ಜಿ ಅದನ್ನು ಗಿಂಬಳದ ಮನೆ ಅನ್ನುತ್ತಾರೆ. ಮಗಳು ಹೋಗಿ, ಸರ್ಕಾರಿ ಕೆಲಸದಿಂದ ರಿಟೈರಾದ ಆ ಮನೆ ಯಜಮಾನರನ್ನೇ ಕೇಳಿದಳು: "ತಾತ, ನಿಮ್ಮನೆ ಪೂರ್ತಿ ಗಿಂಬಳದ್ದಂತೆ?"

ಅವಳನ್ನು ಎಳೆದುಕೊಂಡು ಬರಲು ನಾನು ಓಡಿದೆ. ಅವರು ಸಮಾಧಾನವಾಗಿಯೇ ತಿದ್ದಿದರು: "ಪೂರ್ತಿ ಅಲ್ಲ ಪುಟ್ಟಾ. ಕೆಳಗಿನ ಅಂತಸ್ತು ಸಂಬಳದ್ದು."

ಗಂಡಿನವರು ಬಂದರು

ಉಪ್ಪಿಟ್ಟು ಕೊಡುವ ಮೊದಲೇ ಅಜ್ಜಿ, "ಗಿಂಬಳ ಹೆಂಗಪ್ಪಾ?" ಎಂದರು.

"ಮುಟ್ಟಲ್ಲ ಅಜ್ಜಿ. ಅಳತೆಗೆ ಹೋದ ಕಡೆ ಕಾಫಿನೂ ಕುಡಿಯಲ್ಲ" ಎಂದ ಹುಡುಗ.

ಬಾಗಿಲ ಹಿಂದೆ ನಾದಿನಿಯ ಮುಖ ಬಾಡಿತು. ಸಂಬಂಧ ತಪ್ಪೀತೆಂದು ಹುಡುಗನ ತಾಯಿ ಮುಂದಕ್ಕೆ ಬಗ್ಗಿದರು. "ಹಂಗಂತಾನೆ ಅಜ್ಜಿ. ದೇವನಹಳ್ಳಿ ಚಕ್ಕೋತ, ಕುಂದಾಣದ ದ್ರಾಕ್ಷಿ ಬುಟ್ಟಿಗಟ್ಟಲೆ ಬಂದು ಬೀಳ್ತವೆ. ಬೀದಿಯೋರೇ ನೋಡವ್ರೆ."

"ಅಮ್ಮಾ, ಅದು ಮಾವ ಕಳಿಸಿದ್ದು ಅಂತ ನೀನೇ ಅಂದಿದ್ಯಲ್ಲ?" ಎಂದ ಹುಡುಗ.

ತಾಯಿ ಸೆರಗಿನಿಂದ ಹಣೆ ಒರೆಸಿಕೊಂಡರು. "ಯಾವ ಮಾವನೂ ಇಲ್ಲ ಕಣೋ. ಸಂತೇಲಿ ನಾನೇ ಕೊಂಡು ಆಟೋದಲ್ಲಿ ಕಳಿಸ್ಕೋತೀನಿ. ಇಂಥ ಕೆಲಸದಲ್ಲಿದ್ದು ಒಂದು ಹಣ್ಣೂ ಬರಲ್ಲ ಅಂದ್ರೆ ಬೀದಿಯೋರು ನನ್ನ ಮಗನ್ನ ದಡ್ಡ ಅನ್ನಲ್ವಾ?"

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸಿ ನನ್ನ ಕಡೆ ತಿರುಗಿದರು.

"ತಾಂಬೂಲ ತಗೊಂಡ್ ಬಾರೇ. ಗಂಡ ತಂದ್ರೆ ರೈಡ್ ಬೀಳ್ತದೆ. ಅತ್ತೆ ತಂದು ಹಾಕಿದ್ರೆ ಯಾವನು ಬಂದು ಹಿಡೀತಾನೆ?"